ಗೀಕ್ಸ್ ಸಿಸ್ಟಂ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಪದೇ ಪದೇ ಬರುವ ಪ್ರಶ್ನೆಗಳು

ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು, ಡಿಟಿಪಿ ಅಂಗಡಿಯವರು, ಎಂಜಿನಿಯರಿಂಗ್ ಓದುವ ಮಕ್ಕಳು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಗೀಕ್ಸ್ ಎಂಬುದನ್ನು ಜಿ, ಯು, ಐ, ಎಕ್ಸ್ ಎಂದು ಬರೆಯುತ್ತಾರೆ.

## ಹಾಕುವ ಮುಂಚೆ

ಗೀಕ್ಸ್ ಅಂದ್ರೆ ಏನು? ಉಬುಂಟುಗೂ ಇದಕ್ಕೂ ಏನು ವ್ಯತ್ಯಾಸ?

ಗ್ನೂ ಯೋಜನೆಯ ಕೆಳಗೆ 2012ರಲ್ಲಿ ಶುರುವಾದ ಪ್ಯಾಕೇಜ್ ಮ್ಯಾನೇಜರ್, ಅಂದರೆ ತಂತ್ರಾಂಶಗಳನ್ನು ಹಾಕುವ, ತೆಗೆಯುವ ಸಾಧನ ಇದು. ಅದರ ಮೇಲೆ ಕಟ್ಟಿದ ಪೂರ್ತಿ ಆಪರೇಟಿಂಗ್ ಸಿಸ್ಟಂಗೆ ಗೀಕ್ಸ್ ಸಿಸ್ಟಂ ಎಂದು ಹೆಸರು. 1.0 ಆವೃತ್ತಿ ಬಂದದ್ದು 2019ರಲ್ಲಿ.

ಉಬುಂಟುವಿನಲ್ಲಿ ಇವತ್ತು ಒಂದು ಪ್ಯಾಕೇಜ್ ಹಾಕುತ್ತೀರಿ, ನಾಳೆ ಒಂದು ಫೈಲ್ ತಿದ್ದುತ್ತೀರಿ. ಎರಡು ವರ್ಷವಾದ ಮೇಲೆ ಆ ಯಂತ್ರ ಯಾಕೆ ಹೀಗಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ಗೀಕ್ಸ್‌ನಲ್ಲಿ ಬಳಕೆದಾರರು, ಕೀಬೋರ್ಡ್, ಡಿಸ್ಕ್, ಸರ್ವಿಸ್, ಪ್ಯಾಕೇಜ್ ಎಲ್ಲವೂ ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದೇ ಫೈಲಿನಲ್ಲಿ ಇರುತ್ತವೆ. ಮುಂದೆ ಸಿಸ್ಟಂ ಫೈಲ್, ಕಾನ್ಫಿಗ್ ಫೈಲ್ ಎನ್ನುವುದು ಇದನ್ನೇ. ಮದುವೆ ಮನೆಯ ಸಾಮಾನಿನ ಪಟ್ಟಿ ಇದ್ದಂತೆ ಅದು. ಪಟ್ಟಿಯಿಂದ ಒಂದು ಸಾಲು ಹೊಡೆದುಹಾಕಿದರೆ ಮುಂದಿನ ಮೂಟೆಯಲ್ಲಿ ಆ ಸಾಮಾನು ಬರುವುದೇ ಇಲ್ಲ. ಡಿಕ್ಲರೇಟಿವ್ ಎನ್ನುವುದು ಇದಕ್ಕೇ.

ಎರಡನೆಯ ವ್ಯತ್ಯಾಸ, ಇದರಲ್ಲಿ ಮುಕ್ತ ತಂತ್ರಾಂಶ (ಮೂಲ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದದ್ದು) ಬಿಟ್ಟು ಬೇರೇನೂ ಇಲ್ಲ. ಸಿಸ್ಟಂನ ತಿರುಳಾದ ಕರ್ನಲ್ ಕೂಡ ಲಿನಕ್ಸ್-ಲಿಬ್ರ, ಅಂದರೆ ಮೂಲ ಕೋಡ್ ಸಿಗದ ಫರ್ಮ್‌ವೇರ್ (ಚಿಪ್‌ಗಳು ನಡೆಯಲು ಬೇಕಾದ ಪುಟ್ಟ ತಂತ್ರಾಂಶ) ತುಣುಕುಗಳನ್ನು ಕಿತ್ತುಹಾಕಿದ ಲಿನಕ್ಸ್. ನಮಗೆ ಬರುವ ದೂರುಗಳಲ್ಲಿ ಅರ್ಧ ಈ ಕರ್ನಲ್‌ನವು, ಉಳಿದ ಅರ್ಧ ಹಳೆಯ ಅಭ್ಯಾಸದವು. ಅಭ್ಯಾಸ ಎರಡು ವಾರದಲ್ಲಿ ಬದಲಾಗುತ್ತದೆ. ಹಾರ್ಡ್‌ವೇರ್ ಬದಲಾಗುವುದಿಲ್ಲ. ತೊಂದರೆ ಬಂದಾಗ ಅದು ಯಾವ ಅರ್ಧಕ್ಕೆ ಸೇರಿದ್ದು ಎಂದು ಮೊದಲು ತಿಳಿದುಕೊಂಡರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ನಿಕ್ಸ್ ಓಎಸ್ ಇದೇ ಅಲ್ವಾ?

ಅಣ್ಣ ತಮ್ಮಂದಿರು ಎನ್ನಿ. ನಿಕ್ಸ್ ಹಿರಿಯದು, ಮೂಲ ಕಲ್ಪನೆ ಅಲ್ಲಿಯದು. ಗೀಕ್ಸ್‌ನ ಹಿನ್ನೆಲೆ ಡೀಮನ್ ಸಹ ನಿಕ್ಸ್‌ನ ಕೋಡಿನಿಂದ ಬಂದದ್ದೇ. ನಿಕ್ಸ್‌ಗೆ ಅದರದೇ ಭಾಷೆ ಇದೆ, ಗೀಕ್ಸ್‌ಗೆ ಗೈಲ್ ಸ್ಕೀಮ್. ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳಲು ಅಲ್ಲಿ ಸಿಸ್ಟಂಡಿ, ಇಲ್ಲಿ ಶೆಫರ್ಡ್. ನಿಕ್ಸ್‌ನಲ್ಲಿ ಒಂದು ಸಾಲು ಸೇರಿಸಿದರೆ ಮುಕ್ತವಲ್ಲದ ಪ್ಯಾಕೇಜುಗಳೂ ಸಿಗುತ್ತವೆ, ಗೀಕ್ಸ್‌ನ ಅಧಿಕೃತ ಭಂಡಾರದಲ್ಲಿ ಅಂಥ ಸಾಲೇ ಇಲ್ಲ.

ನಮ್ಮ ಹತ್ರ ಹಳೇ ಕಂಪ್ಯೂಟರ್ ಇದೆ, ಸಾಕಾ?

ಹಳೆಯದಾದಷ್ಟೂ ಒಳ್ಳೆಯದು, ಮೆಮೊರಿ ಒಂದನ್ನು ಬಿಟ್ಟು. 2 ಜಿಬಿ ರ‍್ಯಾಮ್‌ನಲ್ಲಿ ಗೀಕ್ಸನ್ನು ಹೊಸದಾಗಿಸುವ ಗೀಕ್ಸ್ ಪುಲ್ ಆಜ್ಞೆ ಅರ್ಧಕ್ಕೇ ಸಾಯುತ್ತದೆ, ಕಾರಣವನ್ನೂ ನೆಟ್ಟಗೆ ಹೇಳುವುದಿಲ್ಲ. 4 ಜಿಬಿ ರ‍್ಯಾಮ್ ಜೊತೆಗೆ 4 ಜಿಬಿ ಸ್ವಾಪ್ ಇದ್ದರೆ ನಡೆಯುತ್ತದೆ, 8 ಜಿಬಿ ಇದ್ದರೆ ನೆಮ್ಮದಿ. ರೂಟ್ ಪಾರ್ಟಿಷನ್‌ಗೆ 60 ಜಿಬಿಗಿಂತ ಕಡಿಮೆ ಕೊಡಬೇಡಿ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿ. ಎಲ್ಲ ಪ್ಯಾಕೇಜುಗಳೂ ಕೂರುವ ಗೀಕ್ಸ್‌ನ ಸ್ಟೋರ್‌ನಲ್ಲಿ ಲಕ್ಷಗಟ್ಟಲೆ ಸಣ್ಣ ಫೈಲುಗಳಿರುತ್ತವೆ, ಹಳೆಯ ಡಿಸ್ಕ್ ಅವನ್ನು ಹುಡುಕುವುದರಲ್ಲೇ ಏದುಸಿರು ಬಿಡುತ್ತದೆ.

ಒಂದೇ ಸಲ ಪೂರ್ತಿ ಹಾಕ್ಲಾ, ಇಲ್ಲಾ ಈಗಿರೋ ಡೆಬಿಯನ್ ಮೇಲೇ ಕಲಿಯೋದಾ?

ಯಂತ್ರ ದಿನದ ದುಡಿಮೆಗೆ ಬೇಕಾದದ್ದಾದರೆ ಡೆಬಿಯನ್ ಮೇಲೆಯೇ ಕಲಿಯಿರಿ. ಗೀಕ್ಸ್ ಪ್ಯಾಕೇಜ್ ಮ್ಯಾನೇಜರ್ ಯಾವ ಲಿನಕ್ಸ್ ಮೇಲೂ ಕೂರುತ್ತದೆ, ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್ ಜೊತೆ ಜಗಳವಾಡುವುದಿಲ್ಲ. ಕರ್ನಲ್ ಡೆಬಿಯನ್‌ನದೇ ಆದ್ದರಿಂದ ವೈಫೈ, ಸೌಂಡ್ ಎಲ್ಲ ಹಾಗೇ ಇರುತ್ತವೆ. ಗೀಕ್ಸ್ ಶೆಲ್ (ತಾತ್ಕಾಲಿಕ ಬಳಕೆ), ಮ್ಯಾನಿಫೆಸ್ಟ್ (ಬೇಕಾದ ಪ್ಯಾಕೇಜುಗಳ ಪಟ್ಟಿ), ರೋಲ್‌ಬ್ಯಾಕ್ (ಹಿಂದಿನ ಸ್ಥಿತಿಗೆ ಮರಳುವುದು) ಮೂರೂ ಕೈಗೆ ಹತ್ತಿದ ಮೇಲೆ ಪೂರ್ತಿ ಸಿಸ್ಟಂಗೆ ಹೋದರೆ ಸ್ಕೀಮ್ ಫೈಲ್ ಅಷ್ಟು ಹೆದರಿಸುವುದಿಲ್ಲ.

## ಹಾರ್ಡ್‌ವೇರ್

ಇನ್‌ಸ್ಟಾಲರ್‌ನಲ್ಲಿ ವೈಫೈ ಕಾಣಿಸ್ತಾನೇ ಇಲ್ಲ. ಲ್ಯಾಪ್‌ಟಾಪ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಇಂಟೆಲ್, ಬಹುಪಾಲು ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್ ವೈಫೈ ಚಿಪ್‌ಗಳು ಆನ್ ಆದ ಕೂಡಲೇ ಕಂಪನಿಯ ಫರ್ಮ್‌ವೇರ್ ಫೈಲನ್ನು ಕೇಳುತ್ತವೆ. ಲಿನಕ್ಸ್-ಲಿಬ್ರ ಅದನ್ನು ಕೊಡುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಡಿಮೆಸೇಜ್ ಆಜ್ಞೆಯ ಫಲಿತಾಂಶದಲ್ಲಿ ಫರ್ಮ್‌ವೇರ್ ಎಂಬ ಪದ ಹುಡುಕಿ. ‘ಮಿಸ್ಸಿಂಗ್ ಫ್ರೀ ಫರ್ಮ್‌ವೇರ್’ ಎಂದು ಬಂದಿದ್ದರೆ ವಿಷಯ ಮುಗಿಯಿತು, ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ.

ಸದ್ಯಕ್ಕೆ ದಾಟುವ ದಾರಿ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ಗೆ ಹೋಗಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಕಂಪ್ಯೂಟರಿಗೆ ಅದು ತಂತಿ ನೆಟ್‌ವರ್ಕ್‌ನಂತೆ ಕಾಣುತ್ತದೆ, ಇನ್‌ಸ್ಟಾಲರ್‌ನಲ್ಲಿ ಎತರ್ನೆಟ್ ಆರಿಸಿ. ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದನ್ನೇ ದಾಟಿಸುತ್ತದೆ, ಸಿಮ್ ಡೇಟಾ ಖರ್ಚಾಗುವುದಿಲ್ಲ. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್ ಆದರೆ ಟೆಥರಿಂಗ್ ಆಯ್ಕೆ ಬೂದು ಬಣ್ಣದಲ್ಲೇ ಉಳಿಯುತ್ತದೆ. ಮೊದಲು ಕೇಬಲ್ ಬದಲಿಸಿ ನೋಡಿ.

ಹಾಗಾದ್ರೆ ಯಾವ ವೈಫೈ ಡಾಂಗಲ್ ಕೊಳ್ಳಲಿ?

ಡಬ್ಬಿಯ ಮೇಲಿನ ಹೆಸರು ನೋಡಿ ಕೊಂಡರೆ ಮೋಸ ಹೋಗುತ್ತೀರಿ. ಕೇಳಬೇಕಾದದ್ದು ಒಳಗಿನ ಚಿಪ್: ಎಆರ್ 9271. ಇದರ ಫರ್ಮ್‌ವೇರ್‌ನ ಮೂಲ ಕೋಡ್ ಬಿಡುಗಡೆಯಾಗಿದೆ, ಗೀಕ್ಸ್‌ನಲ್ಲಿ ತಾನಾಗಿ ನಡೆಯುತ್ತದೆ.

ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್ 722ಎನ್ ಡಾಂಗಲನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮೊದಲ ಆವೃತ್ತಿಯಲ್ಲಿ ಎಆರ್ 9271 ಇತ್ತು. ಎರಡನೆಯ, ಮೂರನೆಯ ಆವೃತ್ತಿಗಳಲ್ಲಿ ರಿಯಲ್‌ಟೆಕ್ ಚಿಪ್. ಹೊರಗಿನಿಂದ ನೋಡಿದರೆ ಅದೇ ಬಿಳಿ ಕಡ್ಡಿ, ಅದೇ ಆಂಟೆನಾ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವುದಾದರೆ ಲೈವ್ ಯುಎಸ್‌ಬಿ ಜೊತೆ ಒಂದು ಲ್ಯಾಪ್‌ಟಾಪ್ ಒಯ್ಯಿರಿ. ಅಂಗಡಿಯಲ್ಲೇ ಡಾಂಗಲ್ ಚುಚ್ಚಿ ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಡಿ. ಸಾಲಿನಲ್ಲಿ ಐಡಿ ಎಂಬುದರ ಮುಂದಿನ ಸಂಖ್ಯೆಯ ಕೊನೆಯ ನಾಲ್ಕಂಕಿ 9271 ಎಂದಿದ್ದರೆ ದುಡ್ಡು ಕೊಡಿ, ಇಲ್ಲದಿದ್ದರೆ ವಾಪಸ್ ಇಡಿ. ಈ ಚಿಪ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಮನೆಯ ಫೈಬರ್ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೂಗುತ್ತಿದ್ದರೆ ಇದಕ್ಕೆ ಕೇಳಿಸುವುದಿಲ್ಲ, ರೂಟರಿನಲ್ಲಿ ಎರಡೂ ಬ್ಯಾಂಡ್ ಆನ್ ಮಾಡಿಸಿ.

ಹಳೆಯ ಲ್ಯಾಪ್‌ಟಾಪ್‌ನ ಒಳಗೇ ಕಾರ್ಡ್ ಬದಲಿಸುವವರು ಎಆರ್ 9285, ಎಆರ್ 9380ರಂಥ ಎಟಿಎಚ್ 9ಕೆ ಚಾಲಕದ (ಡ್ರೈವರ್) ಕಾರ್ಡು ಹುಡುಕಬೇಕು. ಅಥೆರಾಸ್ ಎಂದು ಬರೆದಿದ್ದ ಮಾತ್ರಕ್ಕೆ ಸಾಲದು, ಎಟಿಎಚ್ 10ಕೆ ಸರಣಿಗೆ ಫರ್ಮ್‌ವೇರ್ ಬೇಕೇ ಬೇಕು. ಇನ್ನೊಂದು ಬಲೆ: ಎಕ್ಸ್ 220, ಟಿ 430ರಂಥ ಥಿಂಕ್‌ಪ್ಯಾಡ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿರುವ ಕಾರ್ಡುಗಳನ್ನು ಬಿಟ್ಟು ಬೇರೆಯದನ್ನು ಕಂಡರೆ ಬೂಟ್ ಆಗಲು ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ಡಾಂಗಲ್ಲೇ ಸುಲಭ.

ಪರದೆ, ಸೌಂಡ್, ಬ್ಲೂಟೂತ್ ಹೇಗೆ?

ಇಂಟೆಲ್‌ನ ಹಳೆಯ ಒಳಗಿನ ಗ್ರಾಫಿಕ್ಸ್ ತೊಂದರೆ ಕೊಡುವುದಿಲ್ಲ. ಎಎಮ್‌ಡಿ ರೇಡಿಯಾನ್‌ಗೆ ಫರ್ಮ್‌ವೇರ್ ಇಲ್ಲದಿದ್ದರೆ ಚಿತ್ರ ಮೂಡಿದರೂ ವೇಗ ಇರುವುದಿಲ್ಲ, ವಿಡಿಯೊ ತಡವರಿಸುತ್ತದೆ. ಎನ್‌ವಿಡಿಯಾದ ಹೊಸ ಕಾರ್ಡುಗಳು ಕಂಪನಿಯೇ ಸಹಿ ಮಾಡಿದ ಫರ್ಮ್‌ವೇರ್ ಕೇಳುವುದರಿಂದ ಆಸೆ ಬಿಡಿ. ಕೆಪ್ಲರ್ ತಲೆಮಾರಿನವರೆಗಿನ ಹಳೆಯವು ನೂವೋ ಚಾಲಕದಲ್ಲಿ ನಡೆಯುತ್ತವೆ. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡ್‌ಗೂ ಸಹಿ ಮಾಡಿದ ಫರ್ಮ್‌ವೇರ್ ಬೇಕಾಗಿ ಸ್ಪೀಕರ್, ಮೈಕ್ ಎರಡೂ ಮೂಕವಾಗಬಹುದು. ಆಗ ಯುಎಸ್‌ಬಿ ಹೆಡ್‌ಸೆಟ್ ಒಂದು ಸಾಕು, ಅದಕ್ಕೆ ಫರ್ಮ್‌ವೇರ್ ಗೊಡವೆ ಇರುವುದಿಲ್ಲ. ಇಂಟೆಲ್ ಬ್ಲೂಟೂತ್ ನಡೆಯದು.

ಅಂಗಡಿಯ ಲೇಸರ್ ಪ್ರಿಂಟರ್ ಪೇಪರ್ ಎಳೀತಾನೇ ಇಲ್ಲ, ಯಾಕೆ?

ಮಾಡೆಲ್ ಯಾವುದು ಎಂದು ಮೊದಲು ಹೇಳಿ. ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಕೂತಿರುವ ಎಚ್‌ಪಿ ಲೇಸರ್‌ಜೆಟ್ 1020, ಪಿ 1007, ಪಿ 1008 ಮೂರೂ ಪ್ರತಿ ಸಲ ಸ್ವಿಚ್ ಹಾಕಿದಾಗ ಕಂಪ್ಯೂಟರಿನಿಂದ ಫರ್ಮ್‌ವೇರ್ ಇಳಿಸಿಕೊಳ್ಳುತ್ತವೆ. ಅದು ಮುಕ್ತವಲ್ಲ, ಗೀಕ್ಸ್‌ನಲ್ಲಿ ಇಲ್ಲ. ಹಾಗಾಗಿ ಕೆಲಸ ಸರದಿಗೆ ಹೋಗುತ್ತದೆ, ‘ಮುಗಿಯಿತು’ ಎಂದೂ ತೋರಿಸುತ್ತದೆ, ಪೇಪರ್ ಮಾತ್ರ ಅಲ್ಲಾಡುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900ಕ್ಕೆ ಕಂಪನಿ ಕೊಡುವ ಲಿನಕ್ಸ್ ಚಾಲಕದಲ್ಲೂ ಮೂಲ ಕೋಡ್ ಇಲ್ಲದ ಭಾಗಗಳಿವೆ.

ಹೊಸದು ಕೊಳ್ಳುವುದಾದರೆ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಬರುವ, ಇಲ್ಲವೇ ಐಪಿಪಿ ಎವ್ರಿವೇರ್ ಬೆಂಬಲಿಸುವ ನೆಟ್‌ವರ್ಕ್ ಪ್ರಿಂಟರ್ ಕೇಳಿ. ಬ್ರದರ್‌ನ ಹಲವು ಲೇಸರ್ ಮಾಡೆಲ್‌ಗಳಿಗೆ ಬಿಆರ್‌ಲೇಸರ್ ಎಂಬ ಮುಕ್ತ ಚಾಲಕ ಇದೆ. ಗೀಕ್ಸ್ ಕಡೆಯಲ್ಲಿ ಮುದ್ರಣ ನೋಡಿಕೊಳ್ಳುವ ಕಪ್ಸ್ ತಾನಾಗಿ ಬರುವುದಿಲ್ಲ. ಸರ್ವಿಸ್ ಪಟ್ಟಿಗೆ ಕಪ್ಸ್-ಸರ್ವಿಸ್-ಟೈಪ್ ಸೇರಿಸಿ, ಅದರ ಎಕ್ಸ್‌ಟೆನ್ಷನ್ಸ್ ಸಾಲಿನಲ್ಲಿ ಕಪ್ಸ್-ಫಿಲ್ಟರ್ಸ್ ಜೊತೆ ನಿಮ್ಮ ಚಾಲಕದ ಹೆಸರನ್ನೂ ಬರೆಯಿರಿ. ಚಾಲಕವನ್ನು ಬರೀ ಗೀಕ್ಸ್ ಇನ್‌ಸ್ಟಾಲ್ ಮಾಡಿದರೆ ಕಪ್ಸ್‌ಗೆ ಅದು ಕಾಣುವುದಿಲ್ಲ. ಈ ತಪ್ಪು ಹತ್ತರಲ್ಲಿ ಎಂಟು ಜನ ಮಾಡುತ್ತಾರೆ.

ವಿಂಡೋಸ್ ಜೊತೆ ಇಟ್ಕೋಬಹುದಾ? ಬೂಟ್ ಮೆನುವಿನಲ್ಲಿ ಬರ್ತಿಲ್ಲ.

ಇಟ್ಟುಕೊಳ್ಳಬಹುದು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಅದಕ್ಕೂ ಮುಂಚೆ ವಿಂಡೋಸ್‌ನ ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ವಿಂಡೋಸ್ ನಿಮ್ಮನ್ನೇ ಬಾಗಿಲ ಹೊರಗೆ ನಿಲ್ಲಿಸುತ್ತದೆ. ಉಬುಂಟುವಿನಂತೆ ಗೀಕ್ಸ್ ಬೇರೆ ಓಎಸ್‌ಗಳನ್ನು ತಾನೇ ಹುಡುಕುವುದಿಲ್ಲ. ಸಿಸ್ಟಂ ಫೈಲಿನ ಬೂಟ್‌ಲೋಡರ್ ಭಾಗದಲ್ಲಿ ಒಂದು ಮೆನು-ಎಂಟ್ರಿ ಬರೆದು, ಇಎಫ್‌ಐ ಪಾರ್ಟಿಷನ್ನಿನ ಯುಯುಐಡಿ (ಗುರುತಿನ ಸಂಖ್ಯೆ) ಕೊಟ್ಟು, ಚೈನ್-ಲೋಡರ್ ಸಾಲಿನಲ್ಲಿ ಮೈಕ್ರೋಸಾಫ್ಟ್ ಫೋಲ್ಡರಿನ ಬೂಟ್ ಫೈಲನ್ನು ತೋರಿಸಿ. ಬೂಟ್‌ಲೋಡರ್ ಆದ ಗ್ರಬ್‌ನ ಫೈಲನ್ನು ಕೈಯಲ್ಲಿ ತಿದ್ದಿದರೆ ಮುಂದಿನ ರಿಕಾನ್ಫಿಗರ್‌ನಲ್ಲಿ (ಸಿಸ್ಟಂ ಫೈಲಿನಂತೆ ಯಂತ್ರವನ್ನು ಮತ್ತೆ ಕಟ್ಟುವಾಗ) ಅಳಿಸಿಹೋಗುತ್ತದೆ.

## ದಿನದ ಬಳಕೆ

ಒಂದು ಪ್ಯಾಕೇಜ್ ಹಾಕೋಕೂ ಸಿಸ್ಟಂ ಫೈಲ್ ತಿದ್ದಬೇಕಾ?

ಬೇಡ. ಗೀಕ್ಸ್ ಇನ್‌ಸ್ಟಾಲ್ ಎಂದು ಪ್ಯಾಕೇಜ್ ಹೆಸರು ಕೊಟ್ಟರೆ ನಿಮ್ಮ ಖಾತೆಗೆ ಮಾತ್ರ ಬರುತ್ತದೆ, ಆಡಳಿತಗಾರನ ಅಧಿಕಾರ ಕೊಡುವ ಸೂಡೋ ಕೂಡ ಬೇಡ. ಒಂದು ಗಂಟೆಯ ಕೆಲಸಕ್ಕೆ ಗೀಕ್ಸ್ ಶೆಲ್ ಸಾಕು, ಹೊರಬಂದರೆ ಆ ಪ್ಯಾಕೇಜ್ ನಿಮ್ಮ ಆಜ್ಞೆಗೆ ಸಿಗುವುದಿಲ್ಲ. ಎಲ್ಲ ಬಳಕೆದಾರರಿಗೂ ಬೇಕಾದದ್ದು, ಸರ್ವಿಸ್‌ಗಳು, ಚಾಲಕಗಳು ಇಷ್ಟನ್ನು ಸಿಸ್ಟಂ ಫೈಲಿಗೆ ಬರೆದರಾಯಿತು.

ಸೂಡೋ ಗೀಕ್ಸ್ ಪುಲ್ ಮಾಡಿದೆ, ಆದ್ರೂ ಹಳೇ ವರ್ಷನ್ನೇ ಬರ್ತಿದೆ.

ಸೂಡೋ ಹಾಕಿದ್ದೇ ತಪ್ಪು. ಪುಲ್ ಪ್ರತಿ ಬಳಕೆದಾರನಿಗೂ ಬೇರೆ ಬೇರೆ, ನೀವು ಹೊಸದು ಮಾಡಿದ್ದು ರೂಟ್‌ನ ಗೀಕ್ಸ್. ಸರಿಯಾದ ಕ್ರಮ ಹೀಗೆ: ಸೂಡೋ ಇಲ್ಲದೆ ಗೀಕ್ಸ್ ಪುಲ್, ಆಮೇಲೆ ಹ್ಯಾಶ್ ಗೀಕ್ಸ್, ಕೊನೆಗೆ ಸೂಡೋ ಗೀಕ್ಸ್ ಸಿಸ್ಟಂ ರಿಕಾನ್ಫಿಗರ್ ಎಂದು ಫೈಲಿನ ದಾರಿ. ನಡುವಿನ ಹ್ಯಾಶ್ ಬಿಟ್ಟರೆ ಶೆಲ್ ಹಳೆಯ ದಾರಿಯನ್ನೇ ನೆನಪಿಟ್ಟುಕೊಂಡು ಹಳೆಯ ಗೀಕ್ಸನ್ನೇ ಓಡಿಸುತ್ತದೆ.

ಇಟಿಸಿ ಫೋಲ್ಡರಿನ ಫೈಲ್ ಸೇವ್ ಆಗ್ತಿಲ್ಲ, ಹೇಗೋ ಸೇವ್ ಮಾಡಿದ್ರೂ ರೀಬೂಟ್ ಆದ ಮೇಲೆ ಹೋಗಿರುತ್ತೆ.

ಆ ಫೈಲುಗಳಲ್ಲಿ ಅನೇಕವು ಸ್ಟೋರ್ ಕಡೆಗೆ ಬೆರಳು ತೋರಿಸುವ ಕೊಂಡಿಗಳು. ಸ್ಟೋರ್ ಓದಲು ಮಾತ್ರ, ಬರೆಯಲು ಹೋದರೆ ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಎನ್ನುತ್ತದೆ. ಕೊಂಡಿ ಕಿತ್ತು ನಿಮ್ಮದೇ ಫೈಲ್ ಇಟ್ಟರೂ ಮುಂದೆ ಮೂಲದ್ದೇ ವಾಪಸ್ ಬರುತ್ತದೆ. ಬದಲಾವಣೆ ಏನಿದ್ದರೂ ಕಾನ್ಫಿಗ್ ಫೈಲಿನಲ್ಲಿ ಆಗಬೇಕು. ಉದಾಹರಣೆಗೆ ಹೋಸ್ಟ್ಸ್ ಸಾಲುಗಳಿಗೆ ಹೋಸ್ಟ್ಸ್-ಸರ್ವಿಸ್-ಟೈಪ್ ಇದೆ. ನಿಮ್ಮ ಫೈಲೇ ಕಳೆದುಹೋಗಿದ್ದರೆ ರನ್ ಫೋಲ್ಡರಿನ ಕರೆಂಟ್-ಸಿಸ್ಟಂ ಒಳಗೆ ಈಗ ಓಡುತ್ತಿರುವ ಸಿಸ್ಟಂನ ಪ್ರತಿ ಸಿಗುತ್ತದೆ.

‘ಅನ್‌ಬೌಂಡ್ ವೇರಿಯಬಲ್’ ಅಂತ ಬರುತ್ತೆ, ಕಂಸಗಳನ್ನೆಲ್ಲ ಎಣಿಸಿದೆ, ಸರಿಯಾಗೇ ಇವೆ.

ಇದು ಕಂಸದ ದೋಷವಲ್ಲ. ನೀವು ಬಳಸಿದ ಹೆಸರು ಯಾವ ಮಾಡ್ಯೂಲ್‌ನಲ್ಲಿದೆ ಎಂದು ಫೈಲಿನ ತಲೆಯಲ್ಲಿ ಹೇಳಿಲ್ಲ, ಅಷ್ಟೆ. ವಿಮ್ ಬೇಕಿದ್ದರೆ ಯೂಸ್-ಪ್ಯಾಕೇಜ್-ಮಾಡ್ಯೂಲ್ಸ್ ಸಾಲಿಗೆ ವಿಮ್ ಸೇರಿಸಿ. ಮಾಡ್ಯೂಲ್ ಹುಡುಕುವ ತಲೆನೋವೇ ಬೇಡವೆಂದರೆ ಸ್ಪೆಸಿಫಿಕೇಷನ್-ಪ್ಯಾಕೇಜ್ ಎಂಬ ಫಂಕ್ಷನ್ ಬಳಸಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಆ ಎರಡು ಪದಗಳ ನಡುವೆ ಅಡ್ಡಗೆರೆ ಮತ್ತು ಬಾಣದ ಗುರುತು ಬರುತ್ತದೆ. ಕಂಸಗಳನ್ನು ಬೆರಳಿನಲ್ಲಿ ಎಣಿಸುವುದನ್ನು ಇವತ್ತೇ ಬಿಟ್ಟುಬಿಡಿ, ಜೋಡಿ ಕಂಸವನ್ನು ಬಣ್ಣದಲ್ಲಿ ತೋರಿಸುವ ಎಡಿಟರ್ ಯಾವುದಾದರೂ ಸರಿ.

ಕನ್ನಡ ಟೈಪ್ ಮಾಡೋದು ಹೇಗೆ? ನುಡಿ ಬರುತ್ತಾ?

ನುಡಿ ವಿಂಡೋಸ್‌ನ ತಂತ್ರಾಂಶ, ಇಲ್ಲಿ ಬರುವುದಿಲ್ಲ. ಆದರೆ ಕನ್ನಡ ಕೀಲಿಮಣೆಗೆ ಬೇರೆ ತಂತ್ರಾಂಶವೇ ಬೇಡ, ಲಿನಕ್ಸ್‌ನ ಕೀಲಿಮಣೆ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ಇವೆ. ಗ್ನೋಮ್ ಡೆಸ್ಕ್‌ಟಾಪ್ ಬಳಸುವವರು ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡ ಸೇರಿಸಿದರೆ ಮುಗಿಯಿತು, ಗ್ನೋಮ್ ಸಿಸ್ಟಂ ಫೈಲಿನ ಮಾತು ಕೇಳುವುದಿಲ್ಲ. ಎಕ್ಸ್‌ಎಫ್‌ಸಿಇಯಂಥ ಕಡೆ ಕೀಬೋರ್ಡ್-ಲೇಔಟ್‌ಗೆ ಯುಎಸ್ ಮತ್ತು ಐಎನ್ ಎಂಬ ಎರಡು ಸಂಕೇತಗಳನ್ನು ಅಲ್ಪವಿರಾಮ ಹಾಕಿ ಕೊಡಿ. ವೇರಿಯಂಟ್‌ನಲ್ಲಿ ಮೊದಲು ಅಲ್ಪವಿರಾಮ, ಆಮೇಲೆ ಕೆ-ಎ-ಎನ್. ಆಯ್ಕೆಗಳಲ್ಲಿ ಆಲ್ಟ್ ಶಿಫ್ಟ್ ಟಾಗಲ್. ಯುಎಸ್ ಮೊದಲೇ ಇರಲಿ. ಐಎನ್ ಮೊದಲು ಬರೆದವರು ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಹೊಡೆಯಲಾಗದೆ ಕೂತಿದ್ದಾರೆ.

ನುಡಿಗೆ ಒಗ್ಗಿದ ಕೈಗೆ ಒಂದು ಎಚ್ಚರಿಕೆ. ಎಕ್ಸ್‌ಕೆಬಿ ಹಿಂದಿನ ಅಕ್ಷರವನ್ನು ನೋಡುವುದಿಲ್ಲ, ಒಂದು ಕೀಲಿಗೆ ಒಂದೇ ಗುರುತು. ಹಾಗಾಗಿ ಕಗಪ ಎಂದು ಹೆಸರಿದ್ದರೂ ಸ್ವರಗಳ ವರ್ತನೆ ನುಡಿಯಂತೆ ಹೂಬಹೂ ಇರದು.

ಫಾಂಟ್‌ಗೆ ಫಾಂಟ್-ಗೂಗಲ್-ನೋಟೋ ಹಾಕಿ, ಎಫ್‌ಸಿ-ಕ್ಯಾಶ್ ಆಜ್ಞೆಗೆ ಆರ್ ಮತ್ತು ವಿ ಸೇರಿಸಿ ಓಡಿಸಿ. ಇದನ್ನು ಮರೆತರೆ ಅಕ್ಷರದ ಜಾಗದಲ್ಲಿ ಚೌಕಗಳು ಕಾಣುತ್ತವೆ. ಕಚೇರಿಗಳಿಂದ ಬರುವ ‘ನುಡಿ 01 ಇ’ ಫಾಂಟಿನ ಹಳೆಯ ಕಡತಗಳು ಯೂನಿಕೋಡ್ ಅಲ್ಲ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳುವುದೇ ದಾರಿ.

ಕ್ರೋಮ್, ಜೂಮ್, ಟ್ಯಾಲಿ ಯಾವುದೂ ಇಲ್ವಾ?

ಅಧಿಕೃತ ಭಂಡಾರದಲ್ಲಿ ಇಲ್ಲ. ಬ್ರೌಸರಿಗೆ ಐಸ್‌ಕ್ಯಾಟ್, ಲಿಬ್ರವುಲ್ಫ್, ಅನ್‌ಗೂಗಲ್ಡ್-ಕ್ರೋಮಿಯಂ ಇವೆ. ಐಸ್‌ಕ್ಯಾಟ್‌ನಲ್ಲಿ ಲಿಬ್ರಜೆಎಸ್ ಎಂಬ ವಿಸ್ತರಣೆ ಮೊದಲೇ ಕೂತಿರುತ್ತದೆ. ಮುಕ್ತವಲ್ಲದ ಜಾವಾಸ್ಕ್ರಿಪ್ಟನ್ನು ಅದು ತಡೆಯುವುದರಿಂದ ಬ್ಯಾಂಕಿನ ಪುಟ, ಅರ್ಜಿ ಹಾಕುವ ಪುಟಗಳಲ್ಲಿ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಜನ ವೆಬ್‌ಸೈಟ್ ಬಿದ್ದಿದೆ ಎಂದುಕೊಳ್ಳುತ್ತಾರೆ. ಡಿಆರ್‌ಎಂ (ನಕಲು ತಡೆಯುವ ಬೀಗ) ಇರುವ ಸಿನಿಮಾ ತಾಣಗಳು ಓಡವು. ಟ್ಯಾಲಿಯಲ್ಲೇ ಮಂಡಿಯ ಲೆಕ್ಕ ಬರೆಯುವವರು, ಡಿಜಿಟಲ್ ಸಹಿ ಟೋಕನ್‌ನಲ್ಲಿ ದಿನವೂ ಫೈಲಿಂಗ್ ಮಾಡುವವರು ಆ ಒಂದು ಯಂತ್ರವನ್ನು ಹಾಗೇ ಬಿಟ್ಟುಬಿಡಿ. ಹಟಕ್ಕೆ ಬಿದ್ದು ದುಡಿಮೆ ಕೆಡಿಸಿಕೊಳ್ಳುವುದು ಬೇಡ.

ಒಂದೇ ಅಪ್‌ಡೇಟ್‌ಗೆ ದಿನದ ಒಂದೂವರೆ ಜಿಬಿ ಖಾಲಿ! ಯಾಕಿಷ್ಟು?

ಗೀಕ್ಸ್‌ನಲ್ಲಿ ಪ್ರತಿ ಪ್ಯಾಕೇಜ್‌ಗೂ ಅದರ ಎಲ್ಲ ಅವಲಂಬನೆಗಳಿಂದ ಲೆಕ್ಕ ಹಾಕಿದ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು ಇರುತ್ತದೆ. ಬುಡದಲ್ಲಿರುವ ಗ್ಲಿಬ್‌ಸಿ ಲೈಬ್ರರಿ ಬದಲಾದರೆ ಮೇಲಿನ ಎಲ್ಲದರ ಹ್ಯಾಶ್ ಬದಲಾಗುತ್ತದೆ, ಎಲ್ಲವೂ ಹೊಸದಾಗಿ ಇಳಿಯುತ್ತವೆ. ಮೊದಲ ಪುಲ್‌ನಲ್ಲಿ ಗಿಟ್ ಭಂಡಾರವೇ ನೂರಾರು ಎಂಬಿ.

ತಡೆಯುವ ಉಪಾಯ ಇಷ್ಟು. ದಿನಾ ಪುಲ್ ಮಾಡಬೇಡಿ, ಎರಡು ವಾರಕ್ಕೊಮ್ಮೆ ಸಾಕು. ರಿಕಾನ್ಫಿಗರ್‌ಗೆ ಮುಂಚೆ ಅದೇ ಆಜ್ಞೆಗೆ ಡ್ರೈ-ರನ್ ಸೇರಿಸಿ ನೋಡಿ. ‘ಡೌನ್‌ಲೋಡ್ ಆಗುವವು’ ಎಂಬ ಪಟ್ಟಿ ಇದ್ದರೆ ಡೇಟಾ ಖರ್ಚು. ‘ಬಿಲ್ಡ್ ಆಗುವವು’ ಎಂಬ ಪಟ್ಟಿಯಲ್ಲಿ ಕ್ರೋಮಿಯಂ, ಐಸ್‌ಕ್ಯಾಟ್ ಕಂಡರೆ ಕೂಡಲೇ ನಿಲ್ಲಿಸಿ, ಹಳೆಯ ಯಂತ್ರದಲ್ಲಿ ಅದು ಹಗಲೂ ರಾತ್ರಿ ಓಡುತ್ತದೆ. ಸರ್ವರ್ ಇನ್ನೂ ಅದನ್ನು ಕಟ್ಟಿ ಮುಗಿಸಿಲ್ಲ ಎಂದರ್ಥ. ಗೀಕ್ಸ್ ವೆದರ್ ಎಂದು ಪ್ಯಾಕೇಜ್ ಹೆಸರು ಕೊಟ್ಟರೆ ಸಿದ್ಧ ಪ್ರತಿ ಇದೆಯೇ ಎಂದು ಹೇಳುತ್ತದೆ. ಇಲ್ಲದಿದ್ದರೆ ಎರಡು ದಿನ ಬಿಟ್ಟು ನೋಡಿ.

ರಿಕಾನ್ಫಿಗರ್ ನಡೀವಾಗಲೇ ಕರೆಂಟ್ ಹೋಯ್ತು. ಎಲ್ಲಾ ಹೋಯ್ತಾ?

ಸಾಮಾನ್ಯವಾಗಿ ಇಲ್ಲ. ಹೊಸದನ್ನು ಪಕ್ಕದಲ್ಲಿ ಪೂರ್ತಿ ಕಟ್ಟಿ, ಕೊನೆಯ ಗಳಿಗೆಯಲ್ಲಿ ಒಂದೇ ಕೊಂಡಿ ತಿರುಗಿಸುವುದು ಗೀಕ್ಸ್‌ನ ಕ್ರಮ. ನಡುವೆ ನಿಂತರೆ ಹಳೆಯದು ಹಾಗೇ ಇರುತ್ತದೆ, ಮತ್ತೆ ಅದೇ ಆಜ್ಞೆ ಕೊಡಿ. ಮುಗಿದ ಪ್ಯಾಕೇಜುಗಳು ಮತ್ತೆ ಇಳಿಯುವುದಿಲ್ಲ, ಅರ್ಧಕ್ಕೆ ನಿಂತದ್ದು ಮಾತ್ರ ಮೊದಲಿಂದ ಶುರುವಾಗುತ್ತದೆ.

ಅಪರೂಪಕ್ಕೆ, ಡಿಸ್ಕಿಗೆ ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಸ್ಟೋರ್‌ನ ಕೆಲವು ಫೈಲುಗಳು ಖಾಲಿಯಾಗಿ ಉಳಿಯುತ್ತವೆ. ಯಾವುದೋ ಪ್ರೋಗ್ರಾಂ ಅರ್ಥವಿಲ್ಲದ ದೋಷ ಕೊಡತೊಡಗಿದರೆ ಸೂಡೋ ಗೀಕ್ಸ್ ಜಿಸಿ ಆಜ್ಞೆಗೆ ವೆರಿಫೈ ಆಯ್ಕೆ ಕೊಟ್ಟು, ಅದಕ್ಕೆ ಕಂಟೆಂಟ್ಸ್ ಮತ್ತು ರಿಪೇರ್ ಎರಡನ್ನೂ ಅಲ್ಪವಿರಾಮ ಹಾಕಿ ಸೇರಿಸಿ. ಪ್ರತಿ ಫೈಲಿನ ಹ್ಯಾಶ್ ನೋಡುವುದರಿಂದ ಹೊತ್ತು ಹಿಡಿಯುತ್ತದೆ, ಆ ಹೊತ್ತಿಗೆ ಯುಪಿಎಸ್ ಇರಲಿ. ಬೂಟೇ ಆಗದಿದ್ದರೆ ಗ್ರಬ್ ಮೆನುವಿನಲ್ಲಿ ‘ಓಲ್ಡ್ ಕಾನ್ಫಿಗರೇಷನ್ಸ್’ ಒಳಗೆ ಹಿಂದಿನದನ್ನು ಆರಿಸಿ.

ಡಿಸ್ಕ್ ತುಂಬಿದೆ. ಪ್ಯಾಕೇಜ್ ತೆಗೆದ್ರೂ ಜಾಗ ಬರ್ತಿಲ್ಲ.

ಹಳೆಯ ಜನರೇಷನ್‌ಗಳು, ಅಂದರೆ ಪ್ರತಿ ಬದಲಾವಣೆಗೂ ಉಳಿಯುವ ಹಿಂದಿನ ಸ್ಥಿತಿಗಳು, ಅವನ್ನು ಹಿಡಿದುಕೊಂಡಿವೆ. ಹಿಂದಕ್ಕೆ ಹೋಗುವ ಸೌಲಭ್ಯಕ್ಕೆ ತೆರುವ ಬೆಲೆ ಇದು. ಸೂಡೋ ಗೀಕ್ಸ್ ಸಿಸ್ಟಂ ಡಿಲೀಟ್-ಜನರೇಷನ್ಸ್ 1ಎಂ ಎಂದರೆ ತಿಂಗಳಿಗಿಂತ ಹಳೆಯ ಸಿಸ್ಟಂಗಳು ಹೋಗುತ್ತವೆ. ನಿಮ್ಮ ಖಾತೆಯದಕ್ಕೆ ಗೀಕ್ಸ್ ಪ್ಯಾಕೇಜ್, ಪುಲ್‌ನದಕ್ಕೆ ಗೀಕ್ಸ್ ಪುಲ್, ಎರಡಕ್ಕೂ ಡಿಲೀಟ್-ಜನರೇಷನ್ಸ್ ಆಯ್ಕೆ ಬೇರೆಯಾಗಿ ಕೊಡಬೇಕು. ಮೂರನೆಯದನ್ನು ಜನ ಮರೆಯುತ್ತಾರೆ. ಇಷ್ಟಾದ ಮೇಲೆ ಬೇಡದ್ದನ್ನು ಅಳಿಸಲು ಗೀಕ್ಸ್ ಜಿಸಿ. ಒಂದು ಹಳೆಯ, ಚೆನ್ನಾಗಿ ಬೂಟ್ ಆಗುವ ಜನರೇಷನ್ ಉಳಿಸಿಕೊಳ್ಳಿ.

## ಆಳಕ್ಕಿಳಿದವರಿಗೆ

ಡೌನ್‌ಲೋಡ್ ಮಾಡಿದ ಪ್ರೋಗ್ರಾಂ ಕಣ್ಮುಂದೆ ಇದೆ, ‘ನೋ ಸಚ್ ಫೈಲ್’ ಅನ್ನುತ್ತೆ!

ಇಲ್ಲ ಎನ್ನುತ್ತಿರುವುದು ನಿಮ್ಮ ಫೈಲನ್ನಲ್ಲ, ಅದನ್ನು ಓಡಿಸಬೇಕಾದ ಲೋಡರನ್ನು. ಬೇರೆ ಲಿನಕ್ಸ್‌ಗಾಗಿ ಕಟ್ಟಿದ ಪ್ರೋಗ್ರಾಂ ಲಿಬ್ 64 ಫೋಲ್ಡರಿನಲ್ಲಿ ಲೋಡರ್ ಹುಡುಕುತ್ತದೆ, ಗೀಕ್ಸ್‌ನಲ್ಲಿ ಆ ಫೋಲ್ಡರೇ ಇಲ್ಲ. ಗೀಕ್ಸ್ ಶೆಲ್‌ಗೆ ಕಂಟೇನರ್ (ಪ್ರತ್ಯೇಕ ಆವರಣ) ಮತ್ತು ಎಮ್ಯುಲೇಟ್-ಎಫ್‌ಎಚ್‌ಎಸ್ ಆಯ್ಕೆ ಕೊಟ್ಟರೆ ಆ ಪ್ರೋಗ್ರಾಂಗಾಗಿ ಮಾಮೂಲಿ ಫೋಲ್ಡರ್ ವ್ಯವಸ್ಥೆ ಸೃಷ್ಟಿಯಾಗುತ್ತದೆ. ಬೇಕಾದ ಲೈಬ್ರರಿಗಳ ಹೆಸರನ್ನೂ ಅದೇ ಸಾಲಿನಲ್ಲಿ ಕೊಡಿ. ನೆಟ್ ಬೇಕಿದ್ದರೆ ನೆಟ್‌ವರ್ಕ್ ಆಯ್ಕೆ ಮರೆಯಬೇಡಿ, ಕಂಟೇನರ್‌ನಲ್ಲಿ ಅದು ತಾನಾಗಿ ಇರುವುದಿಲ್ಲ. ಪಿಪ್‌ನಿಂದ ಇಳಿಸಿದ ನಮ್‌ಪೈಯಂಥವು ಲಿಬ್‌ಎಸ್‌ಟಿಡಿಸಿ++ ಇಲ್ಲವೆಂದು ಬೀಳುವುದೂ ಇದೇ ಕಾಯಿಲೆ, ಅಲ್ಲಿ ಗೀಕ್ಸ್‌ನದೇ ಪೈಥಾನ್-ನಮ್‌ಪೈ ಬಳಸುವುದು ಸರಾಗ.

ಪೈಥಾನ್ ಹಾಕಿದೀನಿ, ‘ಕಮಾಂಡ್ ನಾಟ್ ಫೌಂಡ್’.

ಪೈಥಾನ್ ಪ್ಯಾಕೇಜ್ ಕೊಡುವುದು ಪೈಥಾನ್ 3 ಎಂಬ ಆಜ್ಞೆಯನ್ನು. ಅಂಕಿ ಇಲ್ಲದ ಹೆಸರೇ ಬೇಕಿದ್ದರೆ ಪೈಥಾನ್-ವ್ರ‍್ಯಾಪರ್ ಹಾಕಿ.

ಲ್ಯಾಬ್‌ನಲ್ಲಿ 30 ಯಂತ್ರ ಇವೆ. ಎಲ್ಲಕ್ಕೂ ಬೇರೆ ಬೇರೆ ಡೌನ್‌ಲೋಡ್ ಆಗಬೇಕಾ?

ಬೇಡ, ಗೀಕ್ಸ್ ನಿಜವಾಗಿ ಮೆರೆಯುವ ಜಾಗವೇ ಇದು. ಒಂದು ಯಂತ್ರ ನೆಟ್‌ನಿಂದ ಇಳಿಸಿಕೊಳ್ಳಲಿ, ಉಳಿದ 29 ಅದರಿಂದ ಲ್ಯಾನ್ ಮೂಲಕ ಪಡೆಯಲಿ. ಆ ಯಂತ್ರಕ್ಕೆ ಗೀಕ್ಸ್-ಪಬ್ಲಿಷ್-ಸರ್ವಿಸ್-ಟೈಪ್ ಸೇರಿಸಿ. ಇಲ್ಲೊಂದು ಬಲೆ ಇದೆ: ಅದರ ಹೋಸ್ಟ್ ಆಯ್ಕೆ ಲೋಕಲ್‌ಹೋಸ್ಟ್ ಎಂದೇ ಇರುತ್ತದೆ. ನಾಲ್ಕು ಸೊನ್ನೆಯ ವಿಳಾಸ, ಅಂದರೆ 0.0.0.0 ಎಂದು ಬದಲಿಸದಿದ್ದರೆ ಸರ್ವಿಸ್ ಓಡುತ್ತಿದ್ದರೂ ಪಕ್ಕದ ಯಂತ್ರಕ್ಕೆ ಕಾಣದು. ಅಡ್ವರ್ಟೈಸ್ ಆಯ್ಕೆಯನ್ನೂ ಆನ್ ಮಾಡಿ.

ಆಮೇಲೆ ಮುಖ್ಯ ಯಂತ್ರದ ಇಟಿಸಿ ಗೀಕ್ಸ್ ಫೋಲ್ಡರಿನಲ್ಲಿರುವ ಸೈನಿಂಗ್-ಕೀಯ ಸಾರ್ವಜನಿಕ ಭಾಗವನ್ನು ಉಳಿದವುಗಳಿಗೆ ಕೊಡಿ. ಪಬ್ ಎಂದು ಕೊನೆಯಾಗುವ ಫೈಲ್ ಮಾತ್ರ, ಇನ್ನೊಂದನ್ನು ಯಾರಿಗೂ ಕೊಡಬಾರದು. ಅದನ್ನು ಪ್ರತಿ ಯಂತ್ರದ ಗೀಕ್ಸ್-ಕಾನ್ಫಿಗರೇಷನ್‌ನ ಆಥರೈಸ್ಡ್-ಕೀಸ್ ಪಟ್ಟಿಗೆ ಸೇರಿಸಿ, ಡಿಸ್ಕವರ್ ಆಯ್ಕೆ ನಿಜ ಎಂದಿರಲಿ.

ಇಷ್ಟು ಮಾಡಿಯೂ ಯಂತ್ರಗಳು ಹೊರಗಿನಿಂದಲೇ ಇಳಿಸುತ್ತಿದ್ದರೆ ಕಾರಣ ಹೆಚ್ಚಾಗಿ ಒಂದೇ: ಅವು ಬೇರೆ ಬೇರೆ ದಿನ ಪುಲ್ ಆಗಿವೆ. ಪುಲ್ ಆದ ಆವೃತ್ತಿ (ಕಮಿಟ್) ಬೇರೆಯಾದರೆ ಹ್ಯಾಶ್ ಬೇರೆ, ಲ್ಯಾನ್‌ನಲ್ಲಿರುವ ಪ್ರತಿ ಕೆಲಸಕ್ಕೆ ಬಾರದು. ಮುಖ್ಯ ಯಂತ್ರದಲ್ಲಿ ಗೀಕ್ಸ್ ಡಿಸ್ಕ್ರೈಬ್ ಆಜ್ಞೆಯನ್ನು ಚಾನೆಲ್ಸ್ (ಪ್ಯಾಕೇಜುಗಳು ಬರುವ ಭಂಡಾರಗಳು) ರೂಪದಲ್ಲಿ ಒಂದು ಫೈಲಿಗೆ ಬರೆಸಿ, ಆ ಫೈಲಿನಿಂದಲೇ ಎಲ್ಲ ಕಡೆ ಪುಲ್ ಮಾಡಿ. ಪೆನ್‌ಡ್ರೈವ್‌ನಲ್ಲಿ ಒಯ್ಯುವಷ್ಟು ಚಿಕ್ಕ ಫೈಲ್ ಅದು.

ರೋಲ್‌ಬ್ಯಾಕ್ ಮಾಡಿದೆ, ಡೇಟಾಬೇಸ್ ಮಾತ್ರ ಸರಿಹೋಗಲಿಲ್ಲ.

ರೋಲ್‌ಬ್ಯಾಕ್ ಹಿಂದಕ್ಕೆ ಒಯ್ಯುವುದು ಪ್ರೋಗ್ರಾಂಗಳನ್ನು, ಸರ್ವಿಸ್‌ಗಳ ವ್ಯಾಖ್ಯೆಯನ್ನು. ಹೋಮ್ ಮತ್ತು ವಾರ್ ಫೋಲ್ಡರುಗಳನ್ನು ಮುಟ್ಟುವುದಿಲ್ಲ. ಹೊಸ ಪೋಸ್ಟ್‌ಗ್ರೆಸ್ ಬದಲಿಸಿದ ಕಡತಗಳನ್ನು ಹಳೆಯದು ಓದಲಾರದು. ಬ್ಯಾಕಪ್ ಬೇರೆಯೇ ಬೇಕು. ಕಾನ್ಫಿಗ್ ಫೈಲೂ ತಾನಾಗಿ ಹಳೆಯದಾಗುವುದಿಲ್ಲ, ಗಿಟ್‌ನಲ್ಲಿ ಇಟ್ಟುಕೊಳ್ಳಿ.

ವೈಫೈ ಪಾಸ್‌ವರ್ಡ್‌ನ್ನೂ ಕಾನ್ಫಿಗ್‌ನಲ್ಲೇ ಬರೆದುಬಿಡಲಾ?

ಬೇಡವೇ ಬೇಡ. ಅಲ್ಲಿ ಬರೆದದ್ದೆಲ್ಲ ಸ್ಟೋರ್‌ಗೆ ಹೋಗುತ್ತದೆ, ಸ್ಟೋರನ್ನು ಆ ಯಂತ್ರದ ಪ್ರತಿ ಬಳಕೆದಾರನೂ ಓದಬಹುದು. ಪಬ್ಲಿಷ್ ಸರ್ವಿಸ್ ಓಡುತ್ತಿದ್ದರೆ ಲ್ಯಾಬಿಗೇ ಹಂಚಿದಂತೆ. ಬಳಕೆದಾರರ ಪಾಸ್‌ವರ್ಡನ್ನು ಪಾಸ್‌ಡಬ್ಲ್ಯುಡಿ ಆಜ್ಞೆಯಿಂದ ಕೊಡಿ, ವೈಫೈಯನ್ನು ನೆಟ್‌ವರ್ಕ್ ಮ್ಯಾನೇಜರಿಗೆ ಬಿಡಿ.

ಮೂರು ವರ್ಷದ ಹಿಂದಿನ ಪ್ರಾಜೆಕ್ಟ್ ಹಾಗೇ ಮತ್ತೆ ಓಡಿಸಬಹುದು ಅಂತಾರೆ, ನಿಜಾನಾ?

ಚಾನೆಲ್ಸ್ ಫೈಲ್, ಮ್ಯಾನಿಫೆಸ್ಟ್ ಎರಡನ್ನೂ ಇಟ್ಟುಕೊಂಡಿದ್ದರೆ ಬಹುಪಾಲು ನಿಜ. ಗೀಕ್ಸ್ ಟೈಮ್-ಮಷಿನ್ ಆ ದಿನದ ಗೀಕ್ಸನ್ನೇ ತಂದು ಓಡಿಸುತ್ತದೆ. ಮೂಲ ಕೋಡಿನ ಕೊಂಡಿ ಸತ್ತಿದ್ದರೆ ಸಾಫ್ಟ್‌ವೇರ್ ಹೆರಿಟೇಜ್ ಸಂಗ್ರಹದಲ್ಲಿ ಹುಡುಕುತ್ತದೆ. ಆದರೆ ಅಷ್ಟು ಹಳೆಯ ಸಿದ್ಧ ಪ್ರತಿಗಳು ಸರ್ವರ್‌ನಲ್ಲಿ ಉಳಿದಿರದೆ ಎಲ್ಲವನ್ನೂ ನಿಮ್ಮ ಯಂತ್ರವೇ ಕಟ್ಟಬೇಕಾಗಬಹುದು. ಕಟ್ಟುವಾಗ ನಡೆಯುವ ಪರೀಕ್ಷೆಗಳಲ್ಲಿ ಅವಧಿ ಮುಗಿದ ಸರ್ಟಿಫಿಕೇಟ್ ಇದ್ದರೆ ಅಲ್ಲೇ ಮುಗ್ಗರಿಸುತ್ತದೆ. ಪರೀಕ್ಷೆಗೆ ಒಪ್ಪಿಸುವ ಪ್ರಾಜೆಕ್ಟ್ ಆದರೆ ಹಿಂದಿನ ರಾತ್ರಿ ಅಲ್ಲ, ಒಂದು ವಾರ ಮುಂಚೆ ಓಡಿಸಿ ನೋಡಿ.

ನಾನ್‌ಗೀಕ್ಸ್ ಹಾಕಿದ್ರೆ ಎಲ್ಲಾ ಸರಿಹೋಗುತ್ತಂತೆ. ಹಾಕ್ಲಾ?

ನಾನ್‌ಗೀಕ್ಸ್ ಎಂಬುದು ಯೋಜನೆಗೆ ಸಂಬಂಧವಿಲ್ಲದವರು ನಡೆಸುವ ಚಾನೆಲ್. ಮಾಮೂಲಿ ಲಿನಕ್ಸ್ ಕರ್ನಲ್, ಫರ್ಮ್‌ವೇರ್, ಪ್ರೊಸೆಸರ್‌ನ ಮೈಕ್ರೋಕೋಡ್ ಅಲ್ಲಿ ಸಿಗುತ್ತವೆ. ಹಾಕಿದರೆ ವೈಫೈ ಬರುತ್ತದೆ, ಆದರೆ ಅದು ಮುಕ್ತ ತಂತ್ರಾಂಶ ಮಾತ್ರದ ಸಿಸ್ಟಂ ಆಗಿ ಉಳಿಯುವುದಿಲ್ಲ. ಗೀಕ್ಸ್‌ನ ಅಧಿಕೃತ ಸಹಾಯದ ಜಾಗಗಳಲ್ಲಿ ಅದರ ಬಗ್ಗೆ ಕೇಳಬಾರದೆಂಬ ನಿಯಮ ಇದೆ, ಕೇಳಿ ಬೈಸಿಕೊಳ್ಳಬೇಡಿ. ಆ ಚಾನೆಲ್‌ನ ಸಿದ್ಧ ಪ್ರತಿಗಳ ಸರ್ವರನ್ನೂ ಅದರ ಕೀಯನ್ನೂ ಮೊದಲೇ ಸೇರಿಸದಿದ್ದರೆ ಇಡೀ ಕರ್ನಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಂಪೈಲ್ ಆಗತೊಡಗುತ್ತದೆ. ಬರೀ ಡೆಬಿಯನ್ ಮೇಲೆ ಗೀಕ್ಸ್ ಇಟ್ಟುಕೊಂಡವರಿಗೆ ಇದ್ಯಾವುದರ ಅಗತ್ಯವೂ ಬೀಳುವುದಿಲ್ಲ.